ಮೇಣದಬತ್ತಿಗಳ ಮುಂದಿಟ್ಟ ಪೊಟ್ಟಣ

ಕೋಟ್ಯಂತರ ಜೀವಗಳು ನನ್ನ ಕೈಯಿಂದ ಸತ್ತ ಸಂಗತಿ ತಿಳಿದದ್ದು ರೈತರ ಸಂತನಾದ ಇಸಿದ್ರೋನ ಹಬ್ಬದ ಮರುದಿನ. ತಿಳಿಸಿದವಳು ಬಿತ್ತನೆ ನೋಡಲು ಪುಯೆಬ್ಲಾ ನಗರದಿಂದ ನಮ್ಮ ಹಳ್ಳಿಗೆ ಬಂದಿದ್ದ ಕೃಷಿ ಕಚೇರಿಯ ಯಾದಿರಾ.

ನನ್ನ ಹೆಂಡತಿ ಪೊರ್ಫಿರಿಯಾ ಈಸ್ಟರಿಗೆ ಮೊದಲು ತೀರಿಕೊಂಡಳು. ಹಾಸಿಗೆ ಹಿಡಿದಿದ್ದಾಗಲೇ ಈ ವರ್ಷದ ಮೆಕ್ಕೆಜೋಳದ ವಿಚಾರ ತೀರ್ಮಾನಿಸಿದ್ದಳು. “ಯೂರಿಯಾ ಎರಡು ಮೂಟೆ ಬೇಡ, ಒಂದು ಸಾಕು. ಉಳಿದದ್ದು ಈ ಪೊಟ್ಟಣದವರು ನೋಡ್ಕೊಳ್ತಾರೆ,” ಎಂದು, ಬೇರಿಗೆ ಆಹಾರ ಒದಗಿಸುವ ಜೀವಾಣು ಗೊಬ್ಬರದ ಪೊಟ್ಟಣವನ್ನು ನೀರಿನ ಮಡಕೆಯ ಹಿಂದೆ ತಂಪಿನಲ್ಲಿ ಇಡಿಸಿದ್ದಳು. ಹಾಗೆಯೇ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ನಲವತ್ತೆಂಟು ವರ್ಷಗಳಲ್ಲಿ ಅವಳ ಮಾತನ್ನು ಪೂರ್ತಿ ನಡೆಸಲು ನನಗೆ ಉಳಿದಿದ್ದ ಕೊನೆಯ ಅವಕಾಶ ಅದು.

ಹಬ್ಬದಂದು ಬೀಜಕ್ಕೆ ಆಶೀರ್ವಾದ ಮಾಡಿಸುವುದು ನಮ್ಮ ವಾಡಿಕೆ. ಪೊಟ್ಟಣವನ್ನೂ ಚರ್ಚಿಗೆ ಒಯ್ದು, ಸಂತನ ಪಾದದ ಬಳಿ ಉರಿಯುವ ಮೇಣದಬತ್ತಿಗಳ ಮುಂದೆಯೇ ದಿನವಿಡೀ ಇಟ್ಟೆ. ಸಂಜೆ ಮನೆಗೆ ತಂದು ಯೂರಿಯಾ ಮೂಟೆಗೆ ಸುರಿದು ಬೆರೆಸಿದೆ. ಒಟ್ಟಿಗೆ ದುಡಿಯುವವರಿಗೆ ಮೊದಲೇ ಪರಿಚಯವಾಗಲಿ ಎಂದುಕೊಂಡೆ.

ಮರುದಿನ ಯಾದಿರಾ ಮೂಟೆಯೊಳಗೆ ಇಣುಕಿ ನನ್ನನ್ನು ಕೇಳಿದಳು. “ಇದೇನ್ ದೋನ್ ನಬೋರ್, ಕಪ್ಪು ಕಪ್ಪಾಗಿ?”

“ಅವರೇ ಕಣಮ್ಮ. ನಿನ್ನೆಯೆಲ್ಲ ಬತ್ತಿ ಮುಂದೆ ಇದ್ರು. ಆಶೀರ್ವಾದ ಆಗಿದೆ.”

“ಅಯ್ಯೋ ತಾತ. ಅರ್ಧ ಆ ಶಾಖಕ್ಕೇ ಬೆಂದಿರ್ತವೆ. ಉಳಿದವು ಯೂರಿಯಾದಲ್ಲಿ ಹೋದ್ವು.”

ನಾನು ಟೋಪಿ ತೆಗೆದೆ. “ಎಷ್ಟು ಜನ?”

“ಜನ ಅಲ್ಲ ತಾತ. ಒಂದು ಚಿಟಿಕೆಗೇ ಕೋಟಿಗಟ್ಟಲೆ.”

“ನಮ್ಮೂರಲ್ಲಿ ಇರೋರೇ ಒಂಬೈನೂರು,” ಎಂದೆ. ಮೂಟೆಯ ಮೇಲೆ ಕುಳಿತುಬಿಟ್ಟೆ.

“ಈಗ ಅವರ ಮೇಲೇ ಕೂತ್ರಲ್ಲ,” ಎಂದು ಯಾದಿರಾ ನಕ್ಕಳು.

ತಟ್ಟನೆ ಎದ್ದೆ. “ಪೊರ್ಫಿರಿಯಾಗೆ ಏನಂತ ಹೇಳ್ಲಮ್ಮ ನಾನು?”

ಹುಡುಗಿ ನಗುವುದನ್ನು ನಿಲ್ಲಿಸಿದಳು. ತನ್ನ ಐಸ್ ಪೆಟ್ಟಿಗೆಯಿಂದ ಇನ್ನೊಂದು ಪೊಟ್ಟಣ ತೆಗೆದಳು. “ಇರೋದು ಇದೊಂದೇ. ಸಕ್ಕರೆ ನೀರಲ್ಲಿ ಕಲಸಿ, ನೆರಳಲ್ಲಿ ಬೀಜಕ್ಕೆ ಹಚ್ಚಿ, ಇವತ್ತೇ ಬಿತ್ತಿ. ಯೂರಿಯಾ ಒಂದು ತಿಂಗಳಾದ್ಮೇಲೆ. ಅಲ್ಲೀ ತನಕ ಇಬ್ಬರಿಗೂ ಭೇಟಿ ಮಾಡಿಸ್ಬೇಡಿ.”

“ಮದುವೆಗೆ ಮುಂಚೆ ಪೊರ್ಫಿರಿಯಾಳ ಅಮ್ಮನೂ ನಂಗೆ ಹೀಗೇ ಹೇಳಿದ್ರು.”

“ಕೇಳಿದ್ರಾ?”

“ಮೂರು ದಿನ ಕೇಳ್ದೆ.”

ಪೀಚ್ ಮರದ ನೆರಳಿನಲ್ಲಿ ಬೀಜಕ್ಕೆ ಹಚ್ಚಿ, ಮಧ್ಯಾಹ್ನದೊಳಗೆ ಬಿತ್ತಿ ಮುಗಿಸಿದೆ. ಮನೆಗೆ ಬಂದು ಮೂಟೆಯ ಮುಂದೆ ಮೊಣಕಾಲೂರಿದೆ. ಬತ್ತಿ ಹಚ್ಚಲು ಹೋದ ಕೈಯನ್ನು ಹಿಂದೆಗೆದುಕೊಂಡೆ.

ದೇವರೇ, ನನ್ನ ಭಕ್ತಿಯಿಂದ ಬೆಂದುಹೋದ ಈ ಬಡಜೀವಗಳಿಗೆ ತಂಪು ಕೊಡು. ಅವರು ಪೊರ್ಫಿರಿಯಾಳ ಬಳಿ ದೂರು ಒಯ್ಯುವ ಮೊದಲೇ, ಇಂದು ಬಿತ್ತಿದ್ದು ಅವಳು ಹೇಳಿದಂತೆಯೇ ಎಂದು ನೀನೇ ಒಂದು ಮಾತು ತಿಳಿಸು. ಅವಳ ಆತ್ಮ ನಿನ್ನ ಸನ್ನಿಧಿಯಲ್ಲಿ ಶಾಂತಿಯಿಂದಿರಲಿ.