ಬ್ರಹ್ಮಲೀನ ಎಂಬ ತಪ್ಪು

ಅಪ್ಪನ ಹದಿಮೂರನೇ ದಿನದ ಸಮಾರಾಧನೆಗೆ ಉಳಿದಿದ್ದು ಒಂದೇ ದಿನ. ಬಾಳೆಎಲೆ ಬಂದಿತ್ತು, ಅಡುಗೆಯವರು ಬಂದಿದ್ದರು, ಪುರೋಹಿತರು ಅಹಮದಾಬಾದಿನಿಂದ ರೈಲು ಹತ್ತಿದ್ದರು. ಇನ್ನೇನು ಉಸಿರು ಬಿಡಬೇಕು ಅನ್ನುವಾಗ ಅಮ್ಮ ಫೋಟೊ ನೋಡಿದಳು.

ಫೋಟೊದ ಕೆಳಗೆ ಗುಜರಾತಿಯಲ್ಲಿ ದಪ್ಪಗೆ ಬರೆದಿತ್ತು: ಬ್ರಹ್ಮಲೀನ ಗಣಪತಿ ಉಪಾಧ್ಯ. ಮೂವತ್ತೆರಡು ವರ್ಷ ಸೂರತ್ತಿನ ಈ ಉಧ್ನಾದಲ್ಲಿ ಅಪ್ಪನ ಜೊತೆ ಹೋಟೆಲು ನಡೆಸಿದ ಅಮ್ಮನಿಗೆ ಆ ಲಿಪಿ ನನಗಿಂತ ಚೆನ್ನಾಗಿ ಬರುತ್ತದೆ.

"ಎಂತ ಬರೆಸಿದ್ದಿ ಇದು?"

"ನಾನು ಬರೆಸಿದ್ದಲ್ಲಮ್ಮ, ಅಂಗಡಿಯವ ಹಾಕಿದ್ದು. ದೊಡ್ಡವರಿಗೆ ಇಲ್ಲಿ ಹಾಗೆ ಹಾಕ್ತಾರಂತೆ, ಮರ್ಯಾದೆಗೆ."

"ಹರಿಪಾದ ಸೇರಿದರು ಅಂತ ಹಾಕಿಸು. ಇದನ್ನಿಟ್ಟರೆ ನಾಳೆ ನಾನು ಕೋಣೆಯಿಂದ ಹೊರಗೆ ಬರೂದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ವಡೋದರಾದ ಕೆಲಸಕ್ಕೆ ರಜೆ ಹಾಕಿ ಬಂದು ಹನ್ನೆರಡು ದಿನದಿಂದ ಓಡಾಡುತ್ತಿದ್ದೇನೆ. ನೆಟ್ಟಗೆ ನಿದ್ದೆ ಇಲ್ಲ, ಅಳುವುದಕ್ಕೂ ಪುರುಸೊತ್ತಿಲ್ಲ. ಇಷ್ಟರ ಮೇಲೆ ಒಂದು ಶಬ್ದಕ್ಕೆ ಈ ರಂಪ!

ನಾವು ಮಾಧ್ವರು. ಜೀವ ಬೇರೆ, ದೇವರು ಬೇರೆ. ಮೋಕ್ಷ ಸಿಕ್ಕಿದ ಮೇಲೂ ಜೀವ ದೇವರಲ್ಲಿ ಕರಗಿ ಒಂದಾಗುವುದಿಲ್ಲ, ಅವನ ಪಾದದ ಹತ್ತಿರ ತಾನು ತಾನಾಗಿಯೇ ಇರುತ್ತದೆ. ಇದನ್ನು ಅಪ್ಪ ಇಡ್ಲಿ ತಿನ್ನಲು ಬಂದವರಿಗೂ ಬಿಡದೆ ಹೇಳುತ್ತಿದ್ದರು. ಬ್ರಹ್ಮದಲ್ಲಿ ಲೀನ ಎಂದರೆ ಅವರ ಇಡೀ ಜನ್ಮದ ವಾದಕ್ಕೆ ಮಸಿ ಬಳಿದಂತೆ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟೆ.

"ಎಲ್ಲ ಒಂದೇ ಅಲ್ವಾ ಅಮ್ಮ?"

ಅಮ್ಮ ಕೂಗಾಡಲಿಲ್ಲ. ಫೋಟೊದ ಗಾಜನ್ನು ಸೆರಗಿನಿಂದ ಒರೆಸಿ, "ಒಂದೇ ಆಗಿಹೋದರೆ ನಾನು ಹೋದ ಮೇಲೆ ಅಲ್ಲಿ ಯಾರನ್ನು ಹುಡುಕೂದು ಮಾರಾಯ?" ಅಂದಳು.

ನನಗೆ ಇನ್ನಷ್ಟು ಸಿಟ್ಟು ಬಂತು. ಫೋಟೊ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದೆ.

ಫೋಟೊ ಅಂಗಡಿಯ ಹಸಮುಖ್‌ಭಾಯ್ ಇಪ್ಪತ್ತು ವರ್ಷ ನಮ್ಮಲ್ಲೇ ಬೆಳಗಿನ ತಿಂಡಿ ತಿಂದವರು. ಬ್ರಹ್ಮಲೀನ ತೆಗೆದು ಹರಿಪಾದ ಸೇರಿದರು ಅಂತ ಹಾಕಬೇಕೆಂದಾಗ ಅವರ ಮುಖ ಸಣ್ಣದಾಯಿತು.

"ಅರೇ ಪ್ರಮೋದ್‌ಭಾಯ್, ಅಪ್ಪನನ್ನು ಯಾಕೆ ಕೆಳಗಿಳಿಸ್ತೀರಿ?" ಎಂದು ಹಿಂದಿಯಲ್ಲಿ ಶುರುಮಾಡಿದರು. "ಪಾದದ ಹತ್ತಿರ ಕೂರೋದಕ್ಕಿಂತ ಭಗವಂತನೇ ಆಗಿಬಿಡೋದು ದೊಡ್ಡದಲ್ವಾ? ನಮ್ಮ ತಾಪಿ ನದಿ ಸಮುದ್ರ ಸೇರಿದ ಮೇಲೆ ಯಾವುದು ತಾಪಿ, ಯಾವುದು ಸಮುದ್ರ?"

ಮೈಯೆಲ್ಲ ಉರಿಯಿತು. ಮೂರು ತಿಂಗಳ ಹಿಂದೆ ಫೋನಿನಲ್ಲಿ ಅಪ್ಪನಿಗೆ ಇದನ್ನೇ ನಾನೂ ಹೇಳಿದ್ದೆ. ನದಿ, ಸಮುದ್ರ, ನಿಮ್ಮದೆಲ್ಲ ಹಳೇ ಕಾಲದ ಹಟ ಎಂದೂ ಸೇರಿಸಿದ್ದೆ. ಅಪ್ಪ ನಕ್ಕು, "ಫೋನಲ್ಲಿ ಆಗೂದಿಲ್ಲ. ನೀನು ಬಾ, ಎದುರು ಕೂತು ಹೇಳ್ತೇನೆ" ಅಂದಿದ್ದರು. ವಡೋದರಾದಿಂದ ಸೂರತ್ತಿಗೆ ಎರಡು ಗಂಟೆಯ ದಾರಿ. ನಾನು ಹೋಗಿರಲಿಲ್ಲ.

"ಸರಿ, ಹಾಗೇ ಬರೀತೀನಿ," ಹಸಮುಖ್‌ಭಾಯ್ ಕಂಪ್ಯೂಟರಿನ ಮುಂದೆ ಕೂತರು. "ಆದರೆ ಲೀನ ಆಗೋದೇ..."

"ಲೀನ ಆಗ್ಲಿಕ್ಕಿಲ್ಲ!" ಕಿರುಚಿಬಿಟ್ಟೆ, ಅದೂ ಅವರಿಗೆ ಅರ್ಥವಾಗದ ಕನ್ನಡದಲ್ಲಿ. "ಬಾ, ಹೇಳ್ತೇನೆ ಅಂದಿದ್ದಾರೆ ನನಗೆ. ಹೇಳದೆ ಅವರು ಯಾರಲ್ಲಿಯೂ ಕರಗಿ ಹೋಗ್ಲಿಕ್ಕಿಲ್ಲ!"