ಕೆರೆಗೆ ಹಾಕಿದ ಮದ್ದು

ಮೀನಿನ ಮುಳ್ಳು ಚುಚ್ಚಿದಾಗ ಕಿರಿಸೊಸೆ ನಕ್ಕಿದ್ದಳು. ಕೆರೆಯಲ್ಲಿ ತೇಲುವ ಮೀನಿನ ಪಂಜರದ ಅಂಚಿನ ಹಲಗೆಯ ಮೇಲೆ ಕೂತು ಹರಿದ ಬಲೆಯನ್ನು ಹೊಲಿಯುತ್ತಿದ್ದವಳು, ಬಲೆಯ ಕಣ್ಣಿಗೆ ಸಿಕ್ಕಿಕೊಂಡಿದ್ದ ಮೀನೊಂದನ್ನು ಬಿಡಿಸಲು ಹೋದಳು. ಅದು ಬೆನ್ನು ನಿಮಿರಿಸಿ ಬಲಗೈ ಹೆಬ್ಬೆರಳ ಬುಡಕ್ಕೆ ಚುಚ್ಚಿತು. "ಹೋಗೋ ಮುಂಚೆ ಸೇಡು ತೀರಿಸ್ಕೊಂಡ್ತು ನೋಡಕ್ಕ," ಎಂದು ಹಿರಿಸೊಸೆಗೆ ಕೈ ತೋರಿಸಿ, ರಕ್ತವನ್ನು ಕೆರೆಯ ನೀರಿನಲ್ಲೇ ತೊಳೆದುಕೊಂಡು ಮತ್ತೆ ಸೂಜಿ ಹಿಡಿದಳು. ಆ ಕೆಲಸದಲ್ಲಿ ಮುಳ್ಳು ಚುಚ್ಚದ ವಾರವೇ ಇರುತ್ತಿರಲಿಲ್ಲ.

ಅತ್ತೆ ಮಾವ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಆ ಇಬ್ಬರನ್ನು ಊರು ಹಿರಿಸೊಸೆ, ಕಿರಿಸೊಸೆ ಎಂದೇ ಕರೆಯುತ್ತಿತ್ತು. ಓರಗಿತ್ತಿಯರು ಎಂದಮೇಲೆ ಒಲೆ ಬೇರೆಯಾಗಲೇಬೇಕು ಎಂದು ಕಾದಿದ್ದವರೆಲ್ಲ ಕಾದೂ ಕಾದೂ ಸುಸ್ತಾಗಿದ್ದರು. ಮನೆಯ ಕೆಲಸ ಹಂಚಿಹೋಗಿತ್ತು. ಕೊಳ್ಳುವವರ ಜೊತೆ ಮಾತುಕತೆ ಹಿರಿಸೊಸೆಯ ಗಂಡ ಅಣ್ಣನದು, ದೋಣಿ ಹಗ್ಗ ಕಿರಿಸೊಸೆಯ ಗಂಡ ತಮ್ಮನದು, ಬಲೆ ಕಿರಿಸೊಸೆಯದು. ಮೀನಿನ ಫೀಡು ಕಲಸಿ ಹಾಕುವುದು ಹಿರಿಸೊಸೆಯದು.

ಮಾವನ ಕಾಲದಲ್ಲಿ ಆ ಕೆರೆಯಲ್ಲಿ ಪಂಜರಗಳಿರಲಿಲ್ಲ. ದೋಣಿಯಲ್ಲಿ ಹೋಗಿ ಬಲೆ ಬೀಸಿದರೆ ಮೀನು ಸಿಗುತ್ತಿತ್ತು. ಬಲೆಯ ಕಣ್ಣು ಸಣ್ಣದಾಗುತ್ತ ಹೋಗಿ ಮರಿಗಳನ್ನೂ ಬಾಚಿಕೊಂಡ ಮೇಲೆ ಕೆರೆ ಬರಿದಾಯಿತು. ಆಮೇಲೆ ಪಂಜರಗಳು ಬಂದವು. ಮೊದಲು ಒಂದೆರಡು ಮನೆಯವರು ಕಟ್ಟಿದರು, ನಂತರ ಎಲ್ಲರೂ. ಈಗಂತೂ ಕಾಲು ಒದ್ದೆಯಾಗದೆ ಪಂಜರದಿಂದ ಪಂಜರಕ್ಕೆ ದಾಟಿ ಆಚೆ ದಡ ಸೇರಬಹುದಿತ್ತು. ಮೇಲಿನ ಪಟ್ಟಣ ಕೆರೆಗೆ ಬರುವ ನೀರನ್ನು ತಾನು ಕುಡಿದು, ತನ್ನ ಕೊಳೆಯನ್ನು ಕೆಳಗೆ ಬಿಡುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಮೀನುಗಳು ಒಂದರ ಮೈ ಒಂದು ಉಜ್ಜಿಕೊಂಡೇ ಬದುಕಬೇಕಿತ್ತು. ಅವುಗಳ ಮೈ ಮೇಲೆ ಹುಣ್ಣುಗಳೆದ್ದವು, ರಾಶಿ ರಾಶಿ ಸತ್ತು ತೇಲಿದವು.

ಅದೇ ಹೊತ್ತಿಗೆ ಬೈಕಿನ ಮೇಲೆ ಡಬ್ಬ ಕಟ್ಟಿಕೊಂಡು ಒಬ್ಬ ಬಂದ. ಯಾವ ರೋಗ ಹೇಳಿದರೂ ಅವನ ಹತ್ತಿರ ಒಂದು ಪುಡಿ ಇರುತ್ತಿತ್ತಾದ್ದರಿಂದ ಊರವರು ಅವನಿಗೆ ಪುಡಿಯಪ್ಪ ಎಂದು ಹೆಸರಿಟ್ಟರು. ಫೀಡಿಗೆ ಪುಡಿ ಬೆರೆಸಿದ ಮೇಲೆ ಸಾವು ನಿಂತಿತು. ಒಂದು ವರ್ಷವಾದ ಮೇಲೆ ಅದೇ ಪುಡಿಗೆ ರೋಗ ಬಗ್ಗಲಿಲ್ಲ. ಪುಡಿಯಪ್ಪ ಬೇರೆ ಪುಡಿ ತಂದ. ಅದೂ ಸಾಲದಾದಾಗ ಮತ್ತೊಂದನ್ನು ತಂದ. ಹಿರಿಸೊಸೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡ ತೊಟ್ಟಿಯಲ್ಲಿ ಎಲ್ಲವನ್ನೂ ಕಲಸುತ್ತಿದ್ದಳು.

ಮುಳ್ಳು ಚುಚ್ಚಿದ ಮಾರನೇ ದಿನ ಕಿರಿಸೊಸೆಯ ಅಂಗೈ ಊದಿಕೊಂಡಿತು. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಗಳಿಂದ ಏನೂ ಆಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಅವಳಿಗೆ ಲೋಟ ಎತ್ತಲಾಗಲಿಲ್ಲ. ಮೈ ಕಾದ ಕಾವಲಿಯಂತಿತ್ತು, ಮಣಿಕಟ್ಟಿನವರೆಗೂ ಕೈ ಕೆಂಪಗೆ ಹೊಳೆಯುತ್ತಿತ್ತು. ಮನೆಯವರೆಲ್ಲ ಅವಳನ್ನು ಕರೆದುಕೊಂಡು ಪಟ್ಟಣದ ದೊಡ್ಡಾಸ್ಪತ್ರೆಗೆ ಓಡಿದರು.

ಅಲ್ಲಿಯ ಶಸ್ತ್ರವೈದ್ಯೆ ಮಾತು ಕಡಿಮೆಯ ಹೆಂಗಸು. ಕೈಯನ್ನು ತಿರುಗಿಸಿ ನೋಡಿ, ಕೀವು ತೆಗೆದು ಪರೀಕ್ಷೆಗೆ ಕಳಿಸಿ, ಆಂಟಿಬಯೋಟಿಕ್ ಬಾಟಲಿ ಹಾಕಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಕೆಂಪು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಚರ್ಮದ ಮೇಲೆ ಒಂದು ಗೆರೆ ಎಳೆದರು. ಕೆಂಪು ಈ ಗೆರೆ ದಾಟಿದರೆ ಕೂಡಲೇ ತನಗೆ ಹೇಳಬೇಕೆಂದು ನರ್ಸಿಗೂ ಮನೆಯವರಿಗೂ ತಿಳಿಸಿದರು. ಹೋಗುವ ಮುಂಚೆ ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿದರು. ಮೀನು ಸಾಕಣೆ ಎಂದು ಗೊತ್ತಾದಾಗ ಅವರು ಬಾಗಿಲಿನಿಂದ ಹಿಂದಕ್ಕೆ ಬಂದರು.

"ಫೀಡಿಗೆ ಏನಾದ್ರೂ ಔಷಧಿ ಸೇರಿಸ್ತೀರಾ?"

"ಏನೂ ಇಲ್ಲ ಡಾಕ್ಟ್ರೇ," ಎಂದ ಅಣ್ಣ. "ಅಂಗಡಿ ಫೀಡು, ಅಷ್ಟೇ."

ಹಿರಿಸೊಸೆ ಅವನ ಪಕ್ಕದಲ್ಲೇ ನಿಂತಿದ್ದಳು. ತಮ್ಮನು ತನ್ನ ಹೆಂಡತಿಯ ತಲೆಯ ಬಳಿ ಕೂತಿದ್ದ. ಇಬ್ಬರೂ ನೆಲ ನೋಡಿದರು.

ಅಣ್ಣ ಕೆಟ್ಟವನಲ್ಲ. ತಮ್ಮನ ಹೆಂಡತಿಯನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದವನು ಅವನೇ. ಆದರೆ ಮದ್ದು ಹಾಕದ ಮೀನು ಎಂದು ಬರೆದುಕೊಟ್ಟೇ ಕೆರೆಯವರೆಲ್ಲ ಒಟ್ಟಾಗಿ ದೊಡ್ಡ ವ್ಯಾಪಾರಿಯೊಬ್ಬನಿಗೆ ಮಾರುತ್ತಿದ್ದರು. ಒಬ್ಬರು ಸಿಕ್ಕಿಬಿದ್ದರೆ ಎಲ್ಲರ ಮೀನೂ ಹಿಂದಕ್ಕೆ. ಆ ವಾರವೇ ಮೀನು ಹಿಡಿಯುವುದಿತ್ತು.

ಮಧ್ಯಾಹ್ನಕ್ಕೆ ಚರ್ಮದ ಕೆಂಪು ಆ ಗೆರೆಯನ್ನು ದಾಟಿತು. ವೈದ್ಯೆ ಬಂದು ಬಾಟಲಿ ಬದಲಿಸಿ ಇನ್ನೊಂದು ಗೆರೆ ಎಳೆದರು. ಪರೀಕ್ಷೆಯ ಫಲಿತಾಂಶ ನಾಳೆಯೇ ಬರುವುದು, ಅಲ್ಲಿಯವರೆಗೆ ಊಹೆಯ ಮೇಲೆ ಔಷಧಿ ಕೊಡುತ್ತಿದ್ದೇನೆ, ಇದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯವೆಂದು ಬೀಗ ಹಾಕಿ ಇಟ್ಟಿರುವ ಒಂದು ಔಷಧಿಯಿದೆ, ಸಂಜೆಗೆ ಅದನ್ನು ಶುರುಮಾಡಿ ರಾತ್ರಿಯಿಡೀ ನೋಡೋಣ ಎಂದರು. ಹೊರಟವರು ನಿಂತು ಮತ್ತೆ ಅದೇ ಪ್ರಶ್ನೆ ಕೇಳಿದರು. ಅಣ್ಣ ಮತ್ತೆ ಅದೇ ಉತ್ತರ ಕೊಟ್ಟ. ಈ ಸಲವೂ ಹಿರಿಸೊಸೆಯ ನಾಲಿಗೆ ಏಳಲಿಲ್ಲ.

ಅವಳು ಗಂಡನನ್ನು ಕಾರಿಡಾರಿಗೆ ಕರೆದಳು. ಕೈಬಂಡಿ ತಳ್ಳಿಕೊಂಡು ಹೋಗುವವರಿಗೆ ದಾರಿ ಬಿಡುತ್ತ ಇಬ್ಬರೂ ಗೋಡೆಗೆ ಅಂಟಿಕೊಂಡು ನಿಂತರು. ಹೇಳಿಬಿಡೋಣ ಎಂದಳು. ಹೇಗೂ ನಾಳೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ನಾವು ಹೇಳಿದರೆ ಒಂದು ದಿನ ಮೊದಲು ಗೊತ್ತಾಗುತ್ತದೆ, ಅಷ್ಟಕ್ಕೆ ಇಡೀ ಕೆರೆಯನ್ನು ಮುಳುಗಿಸುವುದೇ ಎಂದು ಅವನು ಕೇಳಿದ. ಅವನು ಹೇಳಿದ್ದರಲ್ಲಿ ಲೆಕ್ಕ ಸರಿಯಾಗಿಯೇ ಇದೆ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಅವಳು ಒಳಗೆ ಬಂದಳು.

ಕಿರಿಸೊಸೆ ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದಳು. ಹಿರಿಸೊಸೆ ಹೊದಿಕೆ ಸರಿಸಿ ನೋಡಿದಳು. ಎರಡನೇ ಗೆರೆಯ ಆಚೆಗೆ, ಮುಂಗೈಯ ಒಳಬದಿಯಲ್ಲಿ, ಕೆಂಪು ಒಂದು ಎಳೆಯಾಗಿ ಮೇಲಕ್ಕೆ ಹರಿದಿತ್ತು. ನರ್ಸನ್ನು ಕೂಗಿದಳು. ವೈದ್ಯೆ ಓಡಿ ಬಂದರು, ಹಿಂದೆಯೇ ಅಣ್ಣನೂ.

"ಹಾಕ್ತೀವಿ ಡಾಕ್ಟ್ರೇ," ಎಂದಳು ಹಿರಿಸೊಸೆ. "ಫೀಡಿಗೆ ಮದ್ದು ಹಾಕ್ತೀವಿ. ನಾನೇ ಕಲಸೋದು."

ಅಣ್ಣ ಅವಳ ಹೆಸರು ಹಿಡಿದು ಮೆಲ್ಲಗೆ ಕರೆದ. ಅವಳು ತಿರುಗಲಿಲ್ಲ.

ಯಾವ ಮದ್ದು ಎಂದು ವೈದ್ಯೆ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಬಿಳಿ ಪುಡಿ, ಹಳದಿ ಪುಡಿ, ನೀರು ಸೋಕಿದರೆ ಕಹಿ ವಾಸನೆ ಬರುವ ಪುಡಿ ಎಂದಷ್ಟೇ ಗೊತ್ತಿತ್ತು. ಅವಳು ಫೋನು ತೆಗೆದು ಪುಡಿಯಪ್ಪನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಅವನು ಯಾವತ್ತಿನ ಹಾಗೆ ತಮಾಷೆಯಿಂದಲೇ ಶುರುಮಾಡಿದ. ಮೀನಿಗೆ ಜ್ವರವೋ ನಿಮಗೋ ಎಂದು ಕೇಳಿದ. ಪುಡಿಗಳ ಹೆಸರು ಬೇಕು ಎಂದಾಗ, ಅದೆಲ್ಲ ಕಂಪನಿ ಗುಟ್ಟು, ಕೆಲಸ ಆದರೆ ಸಾಕಲ್ಲವೇ ಎಂದ.

"ನನ್ನ ತಂಗಿ ಇಲ್ಲಿ ಸಾಯ್ತಾ ಬಿದ್ದಿದಾಳೆ," ಎಂದಳು ಹಿರಿಸೊಸೆ. "ಹೆಸರು ಹೇಳಿ."

ಅತ್ತ ಕಡೆ ಪುಡಿಯಪ್ಪ ಬೈಕನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಅವನು ಮೂರು ಹೆಸರು ಹೇಳಿದ. ಮೊದಲೆರಡನ್ನು ವೈದ್ಯೆ ಅಂಗೈ ಮೇಲೆ ಬರೆದುಕೊಂಡರು. ಮೂರನೆಯದಕ್ಕೆ ಅವರ ಪೆನ್ನು ನಿಂತಿತು.

"ಅದು ಒಳ್ಳೇ ಮದ್ದು ಅಕ್ಕ," ಎಂದ ಪುಡಿಯಪ್ಪ, ಸಮಾಧಾನ ಮಾಡುವವನ ಹಾಗೆ. "ಆಸ್ಪತ್ರೆಯಲ್ಲಿ ಕೊಡೋದೂ ಅದನ್ನೇ."

ವೈದ್ಯೆ ಬೀಗ ಹಾಕಿ ಇಟ್ಟಿದ್ದ ಔಷಧಿ ಅದೇ ಆಗಿತ್ತು.

ಅವರು ಸ್ಟೂಲು ಎಳೆದುಕೊಂಡು ಕಿರಿಸೊಸೆಯ ಪಕ್ಕ ಕೂತರು. ಯಾರನ್ನೂ ಬೈಯಲಿಲ್ಲ. ವರ್ಷಗಟ್ಟಲೆ ಈ ಮೂರನ್ನೂ ಕುಡಿದು ಅರಗಿಸಿಕೊಂಡ ರೋಗಾಣು ಆ ನೀರಿನಲ್ಲಿದೆ, ಅದೇ ಈಗ ಈ ಕೈಯಲ್ಲಿದೆ ಎಂದರು. ಬೀಗದ ಔಷಧಿಯನ್ನೂ ಕೊಡುತ್ತೇನೆ, ಆದರೆ ಅದು ಕೆಲಸ ಮಾಡುತ್ತದೆಯೇ ಎಂದು ರಾತ್ರಿಯಿಡೀ ಕಾದು ನೋಡುವಷ್ಟು ಸಮಯ ನಮಗಿಲ್ಲ. ಬೆಳಗಾಗುವುದರೊಳಗೆ ಇದು ಭುಜ ಸೇರಿ ರಕ್ತವನ್ನೆಲ್ಲ ಹಿಡಿಯುತ್ತದೆ. ಈಗಲೇ ಮೊಣಕೈ ಕೆಳಗೆ ಕೈ ತೆಗೆದರೆ ಜೀವ ಉಳಿಯುವ ಸಾಧ್ಯತೆ ಇದೆ ಎಂದರು.

ಕಿರಿಸೊಸೆ ಕಣ್ಣು ಬಿಟ್ಟಳು. "ಬಲಗೈ ಡಾಕ್ಟ್ರೇ ಇದು. ಬಲೆ ಹೊಲಿಯೋ ಕೈ."

"ಗೊತ್ತಮ್ಮ."

ಅವಳು ಗಂಡನ ಮುಖ ನೋಡಿದಳು. ಅವನು ಅತ್ತಿಗೆಯ ಕಡೆ ತಿರುಗಿದ. "ಅಕ್ಕ, ನೀನೇ ಹೇಳು," ಎಂದಳು.

ಹಿರಿಸೊಸೆ ಅವಳ ಎಡಗೈ ಹಿಡಿದುಕೊಂಡಳು. "ಕೊಟ್ಟುಬಿಡು," ಎಂದಳು. "ಕೈ ಹೋಗ್ಲಿ. ನೀನು ಬಾ."

ಅವಳನ್ನು ಒಳಗೆ ಕರೆದೊಯ್ದ ಮೇಲೆ ಆಪರೇಷನ್ ಕೋಣೆಯ ಎದುರಿನ ಬೆಂಚಿನ ಮೇಲೆ ಮೂವರೂ ಕೂತರು. ಅಣ್ಣ ಏನೋ ಹೇಳಲು ಬಾಯಿ ತೆರೆದ. ಎಲ್ಲರ ಹಿತಕ್ಕೇ ಹಾಗೆ ಹೇಳಿದೆ, ಇಷ್ಟಾಗುತ್ತದೆಂದು ಗೊತ್ತಿರಲಿಲ್ಲ ಎಂದು ಶುರುಮಾಡಿದ. ಜನ್ಮದಲ್ಲಿ ಅಣ್ಣನಿಗೆ ಎದುರಾಡದ ತಮ್ಮ ತಲೆ ಎತ್ತಿದ.

"ಅಣ್ಣ, ನೀನು ಇಲ್ಲಿಂದ ಹೋಗು," ಎಂದ. ದನಿ ಏರಿಸಲಿಲ್ಲ. "ನನಗೂ ಗೊತ್ತಿತ್ತು, ನಾನೂ ಬಾಯಿ ಮುಚ್ಕೊಂಡಿದ್ದೆ. ಆದ್ರೆ ಈಗ ನಿನ್ನ ಮುಖ ನೋಡೋಕಾಗಲ್ಲ."

ಅಣ್ಣ ಎದ್ದು ಹೋದ. ಕಾರಿಡಾರಿನ ಕೊನೆಯ ಕಿಟಕಿಯ ಬಳಿ, ಯಾರಿಗೂ ಅಡ್ಡವಾಗದಂತೆ, ಬೆನ್ನು ಹಾಕಿ ನಿಂತುಕೊಂಡ.

ವೈದ್ಯೆ ಹೊರಗೆ ಬಂದಾಗ ಅವರ ಹಣೆಯ ಮೇಲೆ ಟೋಪಿಯ ಗುರುತು ಕೂತಿತ್ತು. ಜೀವ ಇದೆ ಎಂದಷ್ಟೇ ಹೇಳಿದರು. ಮುಂದಿನ ದಿನಗಳು ಆ ಮಾತಿನ ಮೇಲೆಯೇ ನಿಂತಿದ್ದವು. ಜ್ವರ ಇಳಿಯಿತು, ಏರಿತು, ಮತ್ತೆ ಇಳಿಯಿತು. ಪರೀಕ್ಷೆಯ ಫಲಿತಾಂಶ ಬಂತು. ಮೂರೂ ಔಷಧಿಗಳಲ್ಲಿ ಯಾವುದೂ ಆ ರೋಗಾಣುವಿನ ಕೂದಲು ಕೊಂಕಿಸುತ್ತಿರಲಿಲ್ಲ. ರಾತ್ರಿ ಕಾದಿದ್ದರೆ ಬೆಳಿಗ್ಗೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ವೈದ್ಯೆ ಹಿರಿಸೊಸೆಗೆ ನೇರವಾಗಿಯೇ ಹೇಳಿದರು. ನಿಮ್ಮ ಕೆರೆಯೊಂದರಿಂದಲೇ ಹೀಗಾಗಿದ್ದಲ್ಲ, ಕೋಳಿಗೆ ಇದೇ ಮದ್ದು ತಿನ್ನಿಸುವವರೂ ಇದ್ದಾರೆ, ನೆಗಡಿಗೂ ಇದನ್ನೇ ಬರೆದುಕೊಟ್ಟ ನಮ್ಮ ವೈದ್ಯರೂ ಇದ್ದಾರೆ ಎಂದು ಕೊನೆಗೆ ಸೇರಿಸಿದರು.

ಆಸ್ಪತ್ರೆಯಿಂದ ವಿಷಯ ಹೊರಬಿತ್ತು. ವ್ಯಾಪಾರಿ ಯಾರ ಮೀನನ್ನೂ ಎತ್ತಲಿಲ್ಲ. ಹಿರಿಸೊಸೆ ನಲ್ಲಿಯ ಬಳಿ ಹೋದರೆ ಅಲ್ಲಿದ್ದವರು ಬಿಂದಿಗೆ ತುಂಬುವ ಮೊದಲೇ ಎದ್ದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವರ ಕೆಲವು ಪಂಜರಗಳ ಹಗ್ಗವನ್ನು ಯಾರೋ ಕತ್ತರಿಸಿದ್ದರು. ಅಣ್ಣ ದೂರು ಕೊಡಲಿಲ್ಲ. ಉಳಿದ ಪಂಜರಗಳಲ್ಲಿ ಮೀನನ್ನು ಅರ್ಧಕ್ಕಿಂತ ಕಡಿಮೆ ಮಾಡಿದ, ಪುಡಿ ಹಾಕುವುದನ್ನು ಬಿಟ್ಟ. ಅದನ್ನು ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ತೊಟ್ಟಿಯನ್ನು ಬೋರಲು ಹಾಕಿದ್ದು ನೋಡಿ ಅವಳೇ ತಿಳಿದುಕೊಂಡಳು. ಆದರೂ ಮೀನು ಸತ್ತವು. ಪಕ್ಕದವರು ಪುಡಿ ಹಾಕುವುದನ್ನು ಬಿಟ್ಟಿರಲಿಲ್ಲ. ಬಲೆ ಬೇರೆ ಬೇರೆಯಾದರೂ ನೀರು ಒಂದೇ ಆಗಿತ್ತು.

ಮನೆಗೆ ಬಂದ ಕಿರಿಸೊಸೆ ಬಹಳ ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಇಲ್ಲದ ಬೆರಳುಗಳು ತುರಿಸುತ್ತವೆ ಎಂದು ಗೋಳಾಡುತ್ತಿದ್ದಳು. ಭಾವನ ಮೇಲಿನ ಸಿಟ್ಟು ಎಲ್ಲರಿಗೂ ಗೊತ್ತಿತ್ತು. ಹಿರಿಸೊಸೆಯ ಮೇಲೆ ಇದ್ದದ್ದು ಒಂದು ಮಧ್ಯಾಹ್ನ, ಅವಳು ಕಿರಿಸೊಸೆಯ ತಲೆ ಬಾಚುತ್ತಿದ್ದಾಗ ಹೊರಗೆ ಬಂತು.

"ಡಾಕ್ಟ್ರು ಎರಡು ಸಲ ಕೇಳಿದ್ರು. ನನಗೆ ಎಲ್ಲ ಕೇಳಿಸ್ತಿತ್ತಕ್ಕ. ಎರಡು ಸಲಾನೂ ನೀನು ಸುಮ್ನಿದ್ದೆ."

"ಹೌದು," ಎಂದಳು ಹಿರಿಸೊಸೆ. ಬಾಚಣಿಗೆ ಕೂದಲಲ್ಲೇ ನಿಂತಿತು.

"ಮೊದಲ್ನೇ ಸಲವೇ ಹೇಳಿದ್ರೆ ಮಣಿಕಟ್ಟಿಗೆ ಮುಗೀತಿತ್ತೇನೋ."

ಕ್ಷಮಿಸು ಎನ್ನಬೇಕೆಂದಿದ್ದ ಹಿರಿಸೊಸೆ ಅನ್ನಲಿಲ್ಲ. ಹಾಗೆ ಅಂದರೆ ಆ ಕ್ಷಮೆಯ ಭಾರವನ್ನೂ ಕಿರಿಸೊಸೆಯೇ ಹೊರಬೇಕಾಗುತ್ತದೆ ಎನ್ನಿಸಿತು. ಜಡೆ ಹೆಣೆದು ಮುಗಿಸಿದಳು. ಕಿರಿಸೊಸೆ ತಲೆ ಎಳೆದುಕೊಳ್ಳಲಿಲ್ಲ. ಆವತ್ತಿನಿಂದ ಇಬ್ಬರ ನಡುವೆ ಮಾತು ಮತ್ತೆ ಶುರುವಾಯಿತು, ಆದರೆ ಮೊದಲಿನ ಸಲಿಗೆ ಹಾಗೆಯೇ ಮರಳಲಿಲ್ಲ.

ನೀರು ಇಳಿಯತೊಡಗಿದ ದಿನಗಳಲ್ಲಿ ಒಂದು ಬೆಳಿಗ್ಗೆ, ನಾಲ್ಕು ಪಂಜರ ಆಚೆಯ ಮನೆಯ ಹೆಂಗಸು ಹಿತ್ತಲ ಬಾಗಿಲಿಗೆ ಬಂದಳು. ನಲ್ಲಿಯ ಬಳಿ ಎದ್ದು ಹೋಗುತ್ತಿದ್ದವರಲ್ಲಿ ಅವಳೂ ಒಬ್ಬಳು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಗಳ ಪಾದಕ್ಕೆ ಪಂಜರದ ತಂತಿ ತಗುಲಿದೆ, ಊತ ಇಳಿಯುತ್ತಿಲ್ಲ, ಔಷಧಿ ಅಂಗಡಿಯ ಮಾತ್ರೆ ನಾಟುತ್ತಿಲ್ಲ ಎಂದಳು. ಆಸ್ಪತ್ರೆಗೆ ಹೋದರೆ ಪುಡಿಯ ಬಗ್ಗೆ ಕೇಳುತ್ತಾರಲ್ಲ, ಏನು ಹೇಳುತ್ತೀಯ ಎಂದು ಗಂಡ ಬೈಯುತ್ತಿದ್ದಾನೆ ಎಂದಳು.

ಇರುವುದನ್ನೇ ಹೇಳಬೇಕು, ಪುಡಿಯ ಹೆಸರನ್ನು ಮೊದಲು ಕೇಳಿಕೊಂಡೇ ಹೊರಡಬೇಕು ಎಂದು ಹಿರಿಸೊಸೆ ವಿವರಿಸತೊಡಗಿದಳು. ಆ ಹೆಂಗಸು ತಲೆಯಾಡಿಸಿದಳು, ಆದರೆ ಅವಳ ಕಾಲು ಮಾತ್ರ ಕದಲಲಿಲ್ಲ. ಅವಳು ಹಿರಿಸೊಸೆಯನ್ನು ನೋಡುತ್ತಲೂ ಇರಲಿಲ್ಲ. ಒಳಗೆ ಎಡಗೈಯಲ್ಲಿ ಚಹಾದ ಲೋಟ ತೊಳೆಯುತ್ತಿದ್ದ ಕಿರಿಸೊಸೆಯ ಮೊಟಕಾದ ಬಲತೋಳನ್ನು ನೋಡುತ್ತಿದ್ದಳು.

ಕಿರಿಸೊಸೆ ಲೋಟವನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

"ಮಗು ಎಲ್ಲಿದೆ?" ಎಂದು ಕೇಳಿದಳು.

"ಮನೇಲಿ. ಅವರು ದೋಣಿ ತಗೊಂಡು ಹೋಗಿದಾರೆ. ಬರೋಷ್ಟರಲ್ಲಿ..."

"ಹಾಗಾದ್ರೆ ಈಗಲೇ ಹೊರಡೋಣ. ಆ ಡಾಕ್ಟ್ರು ನನಗೆ ಗೊತ್ತು. ಬೈಯೋದಿಲ್ಲ." ಅವಳು ಹಿರಿಸೊಸೆಯ ಕಡೆ ತಿರುಗಿದಳು. "ಅಕ್ಕ, ನೀನೂ ಬಾ. ಮಗೂನ ಎತ್ಕೊಳ್ಳೋಕೆ ಎರಡು ಕೈ ಬೇಕು."

ಮೂವರೂ ಹಿತ್ತಲಿನಿಂದಲೇ ಇಳಿದು, ದಡದ ದಾರಿ ಹಿಡಿದು, ಆ ಹೆಂಗಸಿನ ಮನೆಯ ಕಡೆಗೆ ಬೇಗ ಬೇಗ ನಡೆದರು.