ಅಜ್ಜೀಪುರದ ರಕ್ತ

"ಇದು ನಿನ್ನ ತವರಿನ ರಗತ ಕಣಮ್ಮಿ," ಎಂದು ಗುರುಪಾದಸ್ವಾಮಿ ಮೈಸೂರಿನ ಆಸ್ಪತ್ರೆಯ ರಿಪೋರ್ಟನ್ನು ಜಗಲಿಯ ಮೇಲೆ ಎಸೆದ. "ಮೊಟ್ಟೇನೂ ಮುಟ್ದಿರೋ ಮನ ಇದು. ನಮ್ಮ ವಂಸ್ದಲ್ಲಿ ಕರುಳು ಕೆಟ್ಟೋರು ಯಾರವ್ರ? ಅಜ್ಜೀಪುರ್ದಿಂದ ತಂದ್ಬುಟ್ಟೆ ನೀನು."

ಚನ್ನಾಜಮ್ಮ ರಿಪೋರ್ಟನ್ನು ಎತ್ತಿ ಮಡಚಿಟ್ಟುಕೊಂಡಳು. ಗಂಡನ ಅಣ್ಣನಾದ ಈ ಮನುಷ್ಯ ಮೂವತ್ತು ವರ್ಷಗಳಿಂದ ತನಗೆ ಗೊತ್ತಿಲ್ಲದ್ದನ್ನೇ ಹೊನ್ನೂರಿಗೆಲ್ಲ ಕೇಳುವಂತೆ ಹೇಳಿಕೊಂಡು ಬಂದವನು. ಕಬ್ಬಿಗೆ ರೋಗ ತಗುಲಿದರೆ ಅವನೇ ಕೃಷಿ ಆಫೀಸರು, ಎಮ್ಮೆ ಮೇವು ಬಿಟ್ಟರೆ ಅವನೇ ದನದ ಡಾಕ್ಟರು. ಸತ್ತ ಎಮ್ಮೆಗಳ ಸುದ್ದಿಯನ್ನು ಮಾತ್ರ ಅವನು ಎತ್ತುತ್ತಿರಲಿಲ್ಲ. ಅವಳ ಗಂಡ ಶಿವಕುಮಾರಸ್ವಾಮಿ ಕಂಬಕ್ಕೊರಗಿ, ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ತಲೆಯಾಡಿಸುವುದಕ್ಕೇ ಆದರೆ ಒಂದು ಕೋಲೆಬಸವ ಸಾಕಿದ್ದರೆ ಸಾಕಿತ್ತು ಅನ್ನಿಸಿತು ಅವಳಿಗೆ.

ಅವಳ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ಲಿವರ್‌ಗೂ ಹರಡಿತ್ತು. ಮೈಸೂರಿನ ಡಾಕ್ಟರು ಪದ್ಮಿನಿ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಗಡ್ಡೆಯಲ್ಲಿ ಬಿರಾಫ್ ಅನ್ನುವ ಜೀನು ಕೆಟ್ಟಿದೆ. ಅದು ಹೆತ್ತವರಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ, ಗಡ್ಡೆಯಲ್ಲೇ ಹುಟ್ಟಿಕೊಂಡದ್ದು. ಪೂರ್ತಿ ವಾಸಿಯಾಗುತ್ತದೆಂದು ಸುಳ್ಳು ಹೇಳಲಾರೆ. ಆದರೆ ಆ ಜೀನಿಗೆಂದೇ ಮಾತ್ರೆಯಿದೆ, ಅದರ ಜೊತೆಗೆ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿದರೆ ಹಿಡಿದಿಡಬಹುದು. ಚನ್ನಾಜಮ್ಮನಿಗೆ ಇಷ್ಟೂ ಅರ್ಥವಾಗಿತ್ತು. ಓದು ಬಲ್ಲ ಭಾವನಿಗೆ ಆಗಿರಲಿಲ್ಲ.

"ಆಸ್ಪತ್ರ ಬುಟ್ಬುಡು. ಬೆಟ್ಟದಿಂದ ಬೇರು ತರಿಸಿವ್ನಿ. ನಲವತ್ತೆಂಟು ದಿನ ಕುಡಿ."

"ನೀವೇ ಕುಡೀರಿ ಭಾವ."

ಶಿವಕುಮಾರಸ್ವಾಮಿಯ ತಲೆ ಅರ್ಧದಲ್ಲೇ ನಿಂತಿತು. ಗುರುಪಾದಸ್ವಾಮಿ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹಿತ್ತಲಿನ ಕಕ್ಕಸಿಗೆ ಹೋದ. ಬೆಳಗಿನಿಂದ ಅದು ಮೂರನೆಯ ಸಲ. ಬಹಳ ಹೊತ್ತಿನ ಮೇಲೆ ಹೊರಬಂದ.

ಅವನಾದ ಮೇಲೆ ಕಕ್ಕಸಿಗೆ ಹೋದ ಚನ್ನಾಜಮ್ಮ ಬಾಗಿಲಲ್ಲೇ ನಿಂತಳು. ಎಷ್ಟು ನೀರು ಸುರಿದರೂ ಬಿಳಿ ಬೇಸಿನ್ನಿನ ಅಂಚಿನಲ್ಲಿ ಕಪ್ಪು ಕೆಂಪು ಉಳಿದಿತ್ತು. ಆ ಬಣ್ಣವನ್ನು ಅವಳು ಒಂದು ವರ್ಷ ನೋಡಿದ್ದಳು. ಮೂಲವ್ಯಾಧಿ, ಉಷ್ಣ ಎಂದು ಮಜ್ಜಿಗೆ ಕುಡಿದು, ಯಾರಿಗೂ ಹೇಳದೆ ಕಳೆದ ವರ್ಷ ಅದು. ಮೊದಲು ಅವಳಿಗೆ ಖುಷಿಯಾಯಿತು. ಜಗಲಿಗೆ ಹೋಗಿ ನಾಲ್ಕು ಜನರೆದುರು ಹೇಳಿಬಿಡಲೇ ಅನ್ನಿಸಿತು. ಬದಲಿಗೆ ಅವನಿದ್ದಲ್ಲಿಗೇ ನಡೆದಳು.

ಗುರುಪಾದಸ್ವಾಮಿ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದ.

"ಎಷ್ಟು ತಿಂಗ್ಳಾಯ್ತು ಭಾವ?"

"ಏನು?"

"ರಗತ."

ಅವನು ಚೊಂಬು ಕೆಳಗಿಟ್ಟ. "ಮೂಲ ಕಣಮ್ಮಿ. ಉಷ್ಣಕ್ಕ." ಆಮೇಲೆ ದನಿ ತಗ್ಗಿತು. "ಆರು ತಿಂಗ್ಳಾಯ್ತು. ಯಾರ್ಗೂ ಯೋಳ್ಬ್ಯಾಡ. ನಂಗೂ ಅದೇ ಬಂದಿದ್ದದಾ?"

"ನಂಗೇನ್ ಗೊತ್ತು? ಅಜ್ಜೀಪುರದ ರಗತ ನಿಮ್ಗ ಯಾವಾಗ ಬಂತು, ನೀವೇ ಯೋಳಿ."

ಅವನು ತಲೆ ತಗ್ಗಿಸಿ ನಿಂತ. ಮೂವತ್ತು ವರ್ಷದಲ್ಲಿ ಅವನ ಬೋಳು ನೆತ್ತಿಯನ್ನು ಅವಳು ನೋಡಿದ್ದು ಅದೇ ಮೊದಲು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ.

"ಸೋಮ್ವಾರ ನಂಗ ಡ್ರಿಪ್ ಅದ. ಏಳು ಗಂಟ ಬಸ್ಸು. ಬಂದ್ರ ಬನ್ನಿ, ಇಲ್ದಿದ್ರ ಬೇರು ಕುಡ್ಕಂಡು ಬಿದ್ದಿರಿ."

ಸೋಮವಾರ ಅವನು ಬಂದ. ಯಳಂದೂರಿನಲ್ಲಿ ಬಸ್ಸು ಹತ್ತಿದ ಪರಿಚಯದವರೊಬ್ಬರು ಕೇಳಿದ್ದಕ್ಕೆ, "ತಮ್ಮನ ಎಂಡ್ರಿಗ ಉಸಾರಿಲ್ಲ, ಕರ್ಕಂಡೋಯ್ತಿವ್ನಿ" ಎಂದ. ಚನ್ನಾಜಮ್ಮ ಕಿಟಕಿಯತ್ತ ತಿರುಗಿಕೊಂಡಳು.

ಪದ್ಮಿನಿ ಡಾಕ್ಟರು ಅವನನ್ನು ಪರೀಕ್ಷಿಸಿ, ಒಳಗೆ ಬೆರಳಿಗೆ ತಗುಲಿದ್ದೇನೆಂದು ಹೇಳದೆ, ಕರುಳಿಗೆ ಕೊಳವೆ ಬಿಟ್ಟು ನೋಡುವುದಕ್ಕೆ ದಿನ ಗೊತ್ತುಮಾಡಿದರು; ಅಷ್ಟರಲ್ಲಿ ರಕ್ತ, ಮಲ ಪರೀಕ್ಷೆಗೆ ಕೊಡಬೇಕೆಂದರು. ಅವಳಿಗೆ ಡ್ರಿಪ್ ಹಾಕುವ ಕೋಣೆಯ ಗಾಜಿನಾಚೆ ಉದ್ದನೆಯ ಹಜಾರ ಕಾಣುತ್ತಿತ್ತು. ಅಲ್ಲಿ ಗುರುಪಾದಸ್ವಾಮಿ ಮುಚ್ಚಳದ ಪುಟ್ಟ ಡಬ್ಬಿಯೊಂದನ್ನು ಟವೆಲ್ಲಿನಲ್ಲಿ ಮರೆಮಾಡಿ ಹಿಡಿದುಕೊಂಡು, ಎಲ್ಲಿ ಕೊಡಬೇಕೆಂದು ತಿಳಿಯದೆ, ಯಾರನ್ನೂ ಕೇಳಲಾರದೆ, ಬಾಗಿಲಿಂದ ಬಾಗಿಲಿಗೆ ನಡೆಯುತ್ತಿದ್ದ.

ಗಾಜು ತಟ್ಟಿದರೆ ತಿರುಗಿ ನೋಡುವಷ್ಟು ಹತ್ತಿರದಲ್ಲೇ ಇದ್ದ. ಚನ್ನಾಜಮ್ಮ ಸೂಜಿಯಿಲ್ಲದ ಕೈಯನ್ನು ಎತ್ತಿ ಗಾಜಿಗೆ ಒತ್ತಿ ಇಟ್ಟಳು. ಇನ್ನೂ ತಟ್ಟಿರಲಿಲ್ಲ.